ಮೆದುಳಿಗೆ ಪೆಟ್ಟಾದವರಿಗಾಗಿ ಕೊಡಗಿನಲ್ಲಿ ಒಂದು ದಿನದ ಕಾರ್ಯಕ್ರಮ: ತಾರೀಕು ಗೊತ್ತು ಮಾಡುವುದರಿಂದ ಹದಿನೈದನೇ ದಿನದ ಫೋನ್‌ವರೆಗೆ

ಮೊದಲ ಸಲ ಇಂಥ ಕಾರ್ಯಕ್ರಮ ಮಾಡಿದಾಗ ನಾವು ವಾಲಗ ಕರೆಸಿದ್ದೆವು. ಬಂದವರಿಗೆ ಮರ್ಯಾದೆ ಆಗಬೇಕಲ್ಲ ಅಂತ. ಜೀಪಿನಿಂದ ಇಳಿಯುತ್ತಿದ್ದ ಹುಡುಗನೊಬ್ಬ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಮೆಟ್ಟಿಲ ಹತ್ತಿರವೇ ಕೂತುಬಿಟ್ಟ. ಬೈಕ್ ಅಪಘಾತದಲ್ಲಿ ಅವನ ತಲೆಗೆ ಪೆಟ್ಟಾಗಿ ಎಂಟು ತಿಂಗಳಾಗಿತ್ತು. ಅವನ ಅಮ್ಮ ಒಳಗೇ ಬರಲಿಲ್ಲ, ಅದೇ ಜೀಪಿನಲ್ಲಿ ವಾಪಸ್ ಕರೆದುಕೊಂಡು ಹೋದರು. ನಾನು ಒಳಗೆ ಮೈಕ್ ಹಿಡಿದು ಹಲೋ ಹಲೋ ಅನ್ನುತ್ತಿದ್ದೆ. ವಿಷಯ ಗೊತ್ತಾಗಿದ್ದು ಊಟದ ಹೊತ್ತಿಗೆ.

ಅಷ್ಟರಲ್ಲಿ ಅರ್ಧ ಜನ ಹೊರಟು ಹೋಗಿದ್ದರು. ಮೂರನೇ ಭಾಷಣಕ್ಕೆ ನಮ್ಮ ಅಣ್ಣ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಕಾಳುಮೆಣಸು ಕೊಯ್ಯುವಾಗ ಸಿಲ್ವರ್ ಮರದಿಂದ ಏಣಿ ಸಮೇತ ಬಿದ್ದವನು ಅವನು. ಅವನಿಗಾಗಿಯೇ ಅಲ್ವಾ ನಾನು ಇದನ್ನೆಲ್ಲ ಶುರು ಮಾಡಿದ್ದು.

ಆಮೇಲೆ ಇನ್ನೂ ಎರಡು ಸಲ ಮಾಡಿದ್ದೇವೆ. ತಪ್ಪುಗಳು ಕಡಿಮೆಯಾಗಿವೆ. ನಿಮ್ಮ ಊರಲ್ಲಿ ಯಾರಾದರೂ ಮಾಡುವವರಿದ್ದರೆ ನಾವು ಎಡವಿದ ಜಾಗದಲ್ಲೇ ನೀವೂ ಎಡವಬಾರದು ಅಂತ ಬರೆಯುತ್ತಿದ್ದೇನೆ. ಒಂದು ಲೆಕ್ಕ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಬರುವವರ ತಲೆ ಎಷ್ಟು ಹೊತ್ತು ತಡೆದುಕೊಳ್ಳುತ್ತದೋ ಅಷ್ಟೇ ಕಾರ್ಯಕ್ರಮ. ಬೇಕಾದ್ದನ್ನೆಲ್ಲ ಅದರೊಳಗೆ ಹಿಡಿಸಬೇಕು, ಹಿಡಿಸದ್ದನ್ನು ಬಿಡಬೇಕು.

ತಾರೀಕು

ಅಕ್ಟೋಬರ್ 27 ವಿಶ್ವ ಆಕ್ಯುಪೇಷನಲ್ ಥೆರಪಿ ದಿನ, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಚಿಕಿತ್ಸೆಯ ದಿನ. 2010ರಿಂದ ಆಚರಿಸುತ್ತಾರೆ. ಎರಡು ದಿನ ಬಿಟ್ಟು 29ಕ್ಕೆ ವಿಶ್ವ ಪಾರ್ಶ್ವವಾಯು ದಿನ, ಅಂದರೆ ಸ್ಟ್ರೋಕ್ ದಿನ. ಡಿಸೆಂಬರ್ 3 ಅಂಗವಿಕಲರ ದಿನ. ಮಾರ್ಚ್ 20 ತಲೆಗಾಯದ ಜಾಗೃತಿ ದಿನ. ಇವಿಷ್ಟು ಹೊರಗಿನ ಕ್ಯಾಲೆಂಡರ್.

ಇದರ ಪಕ್ಕದಲ್ಲಿ ನಮ್ಮ ಕ್ಯಾಲೆಂಡರ್ ಇಟ್ಟು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗ ಗಾಲಿಕುರ್ಚಿ ಇರುವವರನ್ನು ಮನೆಯಿಂದ ಹೊರಡಿಸುವ ಮಾತೇ ಬೇಡ. ಆಮೇಲೆ ಮಡಿಕೇರಿ ದಸರಾ, ಅಕ್ಟೋಬರ್ 17ರ ಹೊತ್ತಿಗೆ ತಲಕಾವೇರಿ ತೀರ್ಥೋದ್ಭವ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಹುತ್ತರಿ ಹಬ್ಬ. ಅದರ ಬೆನ್ನಿಗೇ ಕಾಫಿ ಕೊಯ್ಲು, ಫೆಬ್ರವರಿಯಿಂದ ಮೆಣಸು, ಏಪ್ರಿಲ್-ಮೇನಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ. ಕಾಫಿ ಕೊಯ್ಲಿನ ಹೊತ್ತಿಗೆ ಕಾರ್ಯಕ್ರಮ ಇಟ್ಟರೆ ರೋಗಿಯನ್ನು ಕರೆತರುವ ಮನುಷ್ಯನೇ ತೋಟದಲ್ಲಿರುತ್ತಾನೆ. ಡಿಸೆಂಬರ್ 3 ನಮಗೆ ಆಗಿಬರುವುದಿಲ್ಲ ಅನ್ನುವುದು ಇದಕ್ಕೇ.

ಹಾಗಾಗಿ ಅಕ್ಟೋಬರ್ ಕೊನೆಯ ವಾರವೇ ಸರಿ. ಮಧ್ಯಾಹ್ನದ ಮೇಲೆ ಒಂದು ಗುಡುಗುಮಳೆ ಬಂದರೂ ಬರಬಹುದು. ಆದ್ದರಿಂದ ಬೆಳಿಗ್ಗೆ ಇಟ್ಟುಕೊಳ್ಳಿ. 27ಕ್ಕೇ ಆಗಬೇಕೆಂದಿಲ್ಲ, ಹಿಂದೆ ಮುಂದೆ ಯಾವ ದಿನವಾದರೂ ಆಗುತ್ತದೆ. ಸಂತೆ ದಿನ ಮಾತ್ರ ಬೇಡ, ಜೀಪುಗಳೆಲ್ಲ ತುಂಬಿರುತ್ತವೆ.

ಮಾರ್ಚ್ 20ನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳಿ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಯಾರು ಬರಬೇಕು, ಎಷ್ಟು ಜನ

ಹನ್ನೆರಡು ಮನೆ ಸಾಕು. ನೂರು ಜನ ಸೇರಿದರು ಅಂತ ಬರೆಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ನೂರು ಜನ ಸೇರಿದ ಹಾಲ್‌ನಲ್ಲಿ ಮೆದುಳಿಗೆ ಪೆಟ್ಟಾದವರು ಕಾಲು ಗಂಟೆ ಕೂರಲಾರರು. ಹನ್ನೆರಡು ಮನೆಯಿಂದ ಇಬ್ಬಿಬ್ಬರು ಅಂದರೆ ಇಪ್ಪತ್ನಾಲ್ಕು, ಮನೆಗೊಬ್ಬ ಸ್ವಯಂಸೇವಕ, ಅಡುಗೆಯವರು, ಥೆರಪಿಸ್ಟ್. ಎಲ್ಲ ಸೇರಿ ನಲವತ್ತು.

ಆ ಹನ್ನೆರಡು ಮನೆ ಹುಡುಕುವುದು ಸುಲಭವಲ್ಲ. ಪೆಟ್ಟಾದವರು ರಸ್ತೆಯಲ್ಲಿ ಕಾಣುವುದಿಲ್ಲ, ಮನೆಯೊಳಗೇ ಇರುತ್ತಾರೆ. ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಇರುತ್ತಾರೆ, ಅವರ ಹತ್ತಿರ ಪಟ್ಟಿ ಇರುತ್ತದೆ. ನಮಗೆ ಎಲ್ಲಕ್ಕಿಂತ ಜಾಸ್ತಿ ಹೆಸರು ಕೊಟ್ಟವರು ಜೀಪ್ ಡ್ರೈವರ್‌ಗಳು ಮತ್ತು ತೋಟದ ಲೆಕ್ಕ ಬರೆಯುವ ರೈಟರ್‌ಗಳು. ಆಸ್ಪತ್ರೆಗೆ ಕರೆದುಕೊಂಡು ಹೋದವರು ಅವರೇ ತಾನೇ.

ತೋಟದ ಕೆಲಸಗಾರರ ಸಾಲುಮನೆಗಳನ್ನು, ಅಂದರೆ ಲೈನ್ ಮನೆಗಳನ್ನು ಬಿಡಬೇಡಿ. ಮರ ಹತ್ತುವವರು ಅಲ್ಲೇ ಇರುವುದು. ಭಾಷೆಯ ಬಗ್ಗೆಯೂ ಮೊದಲೇ ಕೇಳಿಕೊಳ್ಳಿ. ಒಬ್ಬರಿಗೆ ಕೊಡವ ತಕ್ಕ್, ಒಬ್ಬರಿಗೆ ಅರೆಭಾಷೆ, ಇನ್ನೊಬ್ಬರಿಗೆ ಯರವ ಮಾತು, ಮಲಯಾಳ, ತುಳು. ಪೆಟ್ಟಾದ ಮೇಲೆ ಕಲಿತ ಭಾಷೆ ಹಿಂದೆ ಸರಿದು ಮನೆಭಾಷೆ ಮಾತ್ರ ನಾಲಿಗೆಗೆ ಬರುವುದುಂಟು. ಅಂಥವರ ಜೊತೆ ಅದೇ ಭಾಷೆ ಬಲ್ಲ ಸ್ವಯಂಸೇವಕರನ್ನು ಹಾಕಿ.

ಮನೆಗೆ ಹೋದಾಗ ಒಂದು ಹಾಳೆ ತುಂಬಿಸಿಕೊಳ್ಳಿ: ಏನಾಯಿತು, ಎಷ್ಟು ತಿಂಗಳಾಯಿತು, ಯಾವ ಕೈ-ಕಾಲು ಸೋತಿದೆ, ಮಾತು ಬರುತ್ತದಾ, ಫಿಟ್ಸ್ ಬಂದಿದೆಯಾ, ನುಂಗುವಾಗ ಕೆಮ್ಮುತ್ತಾರಾ, ಯಾವ ಹೊತ್ತಿಗೆ ಯಾವ ಮಾತ್ರೆ, ಬುರುಡೆಯ ಮೂಳೆ ತೆಗೆದಿಟ್ಟಿದ್ದಾರಾ. ಈ ಕೊನೆಯ ಪ್ರಶ್ನೆ ಮರೆಯಬೇಡಿ. ಮೆದುಳು ಊದಿಕೊಂಡಾಗ ಜೀವ ಉಳಿಸಲು ಮೂಳೆಯ ಒಂದು ತುಂಡು ತೆಗೆಯುತ್ತಾರೆ, ತಿಂಗಳುಗಳ ಮೇಲೆ ಮತ್ತೆ ಕೂರಿಸುತ್ತಾರೆ. ಅಲ್ಲಿಯವರೆಗೆ ಆ ಜಾಗದಲ್ಲಿ ಚರ್ಮ ಬಿಟ್ಟರೆ ಬೇರೆ ಗಟ್ಟಿ ಕಾಪು ಇಲ್ಲ. ನಮ್ಮ ತೋಟದ ರಸ್ತೆಯಲ್ಲಿ ಜೀಪ್ ಎತ್ತಿಹಾಕುವುದು ನಿಮಗೆ ಗೊತ್ತೇ ಇದೆ. ಅಂಥವರು ಡಾಕ್ಟರ್ ಒಪ್ಪಿದರೆ ಮಾತ್ರ, ಅವರು ಹೇಳಿದ ಹೆಲ್ಮೆಟ್ ಹಾಕಿಕೊಂಡು, ಕಾರಿನಲ್ಲಿ ಬರಲಿ.

ಕೊನೆಗೆ ಒಂದು ಪ್ರಶ್ನೆ, ಇದು ಪೆಟ್ಟಾದವರಿಗೇ: "ಮೊದಲು ಮಾಡುತ್ತಿದ್ದ ಯಾವ ಕೆಲಸ ಮತ್ತೆ ಮಾಡಬೇಕು ಅನಿಸುತ್ತೆ?" ಉತ್ತರ ಚಿಕ್ಕದೇ ಬರುತ್ತದೆ. ಮೀಸೆ ಕತ್ತರಿಸಿಕೊಳ್ಳಬೇಕು. ಹಸುವಿಗೆ ಹುಲ್ಲು ಹಾಕಬೇಕು. ನಮ್ಮ ಅಣ್ಣ ಹೇಳಿದ್ದು, "ನನ್ನ ಕಾಫಿ ನಾನೇ ಮಾಡ್ಕೋಬೇಕು." ಇಡೀ ಕಾರ್ಯಕ್ರಮ ಇಂಥ ಉತ್ತರಗಳ ಮೇಲೆ ನಿಂತಿರುತ್ತದೆ, ಜೋಪಾನವಾಗಿ ಬರೆದುಕೊಳ್ಳಿ.

ಥೆರಪಿಸ್ಟನ್ನು ಕರೆಯುವುದು

ಆಕ್ಯುಪೇಷನಲ್ ಥೆರಪಿಯನ್ನು (ಚಿಕ್ಕದಾಗಿ ಓಟಿ) ಪತ್ರಿಕೆಗಳಲ್ಲಿ ಔದ್ಯೋಗಿಕ ಚಿಕಿತ್ಸೆ ಅಂತ ಬರೆಯುತ್ತಾರೆ. ಅದನ್ನು ಓದಿದ ಒಬ್ಬರು ನನ್ನ ಹತ್ತಿರ "ಕೆಲಸ ಕೊಡಿಸ್ತಾರಾ?" ಅಂತ ಕೇಳಿದ್ದರು. ಇಲ್ಲಿ ಆಕ್ಯುಪೇಷನ್ ಅಂದರೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮನುಷ್ಯ ಮಾಡುವುದೆಲ್ಲ. ಹಲ್ಲುಜ್ಜುವುದು, ಗುಂಡಿ ಹಾಕುವುದು, ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದು. ಫಿಸಿಯೋದವರು ಕೈಗೆ ಬಲ ಬರಿಸುತ್ತಾರೆ. ಓಟಿಯವರು ಆ ಕೈಯಿಂದ, ಅದು ಬರದಿದ್ದರೆ ಇನ್ನೊಂದು ಕೈಯಿಂದ, ಅಂಗಿ ಹಾಕಿಕೊಳ್ಳುವುದು ಹೇಗೆ ಅಂತ ಕಲಿಸುತ್ತಾರೆ. ನಮ್ಮಲ್ಲಿ ಫಿಸಿಯೋ ಎಲ್ಲರಿಗೂ ಗೊತ್ತು, ಓಟಿ ಯಾರಿಗೂ ಗೊತ್ತಿಲ್ಲ. ಇದು ಹೊಸದೇನೂ ಅಲ್ಲ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ 1950ರಲ್ಲೇ ಇದರ ಶಾಲೆ ಶುರು ಮಾಡಿದ್ದರು. 1952ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟ ಹುಟ್ಟಿದಾಗ ಅದನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು.

ನಮ್ಮ ಕಡೆಯವರು ಕೇಳಿನೋಡಬಹುದಾದ ಜಾಗ ಎರಡು ಮೂರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನದ ವಿಭಾಗವೇ ಇದೆ. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿ ಕೋರ್ಸ್ ಇದೆ, ವಿದ್ಯಾರ್ಥಿಗಳ ಜೊತೆ ಮೇಷ್ಟ್ರು ಬಂದರೆ ನಿಮಗೆ ಕೈಗಳು ಜಾಸ್ತಿ ಸಿಗುತ್ತವೆ. ಮಾತು ಮತ್ತು ನುಂಗುವ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಮಡಿಕೇರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೂ ಒಂದು ಪತ್ರ ಕೊಡಿ. ಕೊಡಗಿಗೆ ರೈಲಿಲ್ಲ, ಮೈಸೂರಿನಿಂದಲೇ ಸುಮಾರು 120 ಕಿಲೋಮೀಟರ್ ರಸ್ತೆ. ಹಿಂದಿನ ರಾತ್ರಿ ಉಳಿಯಲು ವ್ಯವಸ್ಥೆ ಮಾಡಿ.

ಪತ್ರವನ್ನು ಮೂರು ತಿಂಗಳು ಮೊದಲೇ ಬರೆಯಿರಿ. ಅಕ್ಟೋಬರ್ 27ಕ್ಕೆ ಅವರ ಕಾಲೇಜಿನಲ್ಲೂ ಕಾರ್ಯಕ್ರಮ ಇರುತ್ತದೆ, ಆ ದಿನವನ್ನೇ ಹಿಡಿದು ಕೂರಬೇಡಿ. "ದಯಮಾಡಿ ಬಂದು ಉಪನ್ಯಾಸ ಕೊಡಿ" ಅಂತ ಬರೆದರೆ ಪ್ರೊಜೆಕ್ಟರ್ ತರುತ್ತಾರೆ. ಅದು ನಿಮಗೆ ಬೇಡ. ಹೀಗೆ ಬರೆಯಿರಿ: "ಹನ್ನೆರಡು ಮಂದಿ ಬರುತ್ತಾರೆ. ಐವರಿಗೆ ಒಂದು ಕೈ ಸೋತಿದೆ. ಮೂವರಿಗೆ ಮರೆವು. ಇಬ್ಬರಿಗೆ ಎಡಪಕ್ಕದ ಗಮನವೇ ಇಲ್ಲ. ಒಬ್ಬೊಬ್ಬರೂ ಕಲಿಯಬೇಕೆಂದಿರುವ ಕೆಲಸದ ಪಟ್ಟಿ ಜೊತೆಗಿದೆ. ಭಾಷಣ ಬೇಡ, ಅವರ ಜೊತೆ ಆ ಕೆಲಸ ಮಾಡಿ ತೋರಿಸಬೇಕು."

ಅವರು ಬರಲಾಗದಿದ್ದರೆ ವೀಡಿಯೋ ಕಾಲ್ ಆಗುತ್ತದೆ. ಆದರೆ ಆ ಹಾಲ್‌ನಲ್ಲಿ ನೆಟ್‌ವರ್ಕ್ ಇದೆಯಾ ಅಂತ ಹಿಂದಿನ ದಿನ ನಿಂತು ನೋಡಿ. ನಮ್ಮೂರ ಬಗ್ಗೆ ಇನ್ನೇನು ಹೇಳಲಿ.

ಜಾಗ

ಮದುವೆ ಹಾಲ್‌ಗಳು ಚೆಂದ, ಆದರೆ ಮಾತೆಲ್ಲ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಚಿಕ್ಕ ಶಾಲೆಯ ಎರಡು ಕೋಣೆ, ಸಮುದಾಯ ಭವನದ ಪಕ್ಕದ ಕೋಣೆ ಇದಕ್ಕಿಂತ ಒಳ್ಳೆಯದು. ಹೋಗಿ ನೋಡುವಾಗ ಮೊದಲು ಕಕ್ಕಸು ನೋಡಿ. ಅದು ಸರಿಯಿಲ್ಲದಿದ್ದರೆ ಮಿಕ್ಕಿದ್ದನ್ನು ನೋಡಬೇಕಾಗಿಲ್ಲ. ಕಮೋಡ್ ಇಲ್ಲದಿದ್ದರೆ ಸ್ಟೀಲಿನ ಕಮೋಡ್ ಕುರ್ಚಿ ಬಾಡಿಗೆಗೆ ತಂದು ಕೂರಿಸಿ. ಹಿಡಿಯಲು ಗಟ್ಟಿ ಕಂಬಿ ಬೇಕು, ಅದೂ ಬಲವಿರುವ ಕೈಯ ಕಡೆಗೆ. ನೆಲ ಒರೆಸಿ ಒಣಗಿರಬೇಕು.

ಆಮೇಲೆ ಮೆಟ್ಟಿಲು. ನಮ್ಮ ಕಡೆ ಎಲ್ಲವೂ ದಿಣ್ಣೆಯ ಮೇಲೆ. ಹಲಗೆ ಹಾಕಿ ಇಳಿಜಾರು ಮಾಡಿದರಾಯಿತು ಅಂದುಕೊಳ್ಳುತ್ತೇವೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅದು ಲೆಕ್ಕ. ನಾಲ್ಕು ಮೆಟ್ಟಿಲಿದ್ದರೆ ಸುಮಾರು ಎರಡಡಿ, ಅಂದರೆ ಇಪ್ಪತ್ನಾಲ್ಕು ಅಡಿ ಹಲಗೆ. ಅಷ್ಟು ಆಗುವುದಿಲ್ಲ ಅಂದರೆ ಮೆಟ್ಟಿಲಿಲ್ಲದ ಬೇರೆ ಕಟ್ಟಡ ಹುಡುಕಿ. ಗಾಲಿಕುರ್ಚಿಯನ್ನು ನಾಲ್ಕು ಜನ ಎತ್ತಿ ಒಳಗೆ ಇಡುವುದನ್ನು ಸೇವೆ ಅಂತ ನಾವು ಅಂದುಕೊಂಡಿರುತ್ತೇವೆ. ಕುರ್ಚಿಯಲ್ಲಿ ಕೂತವರ ಮುಖ ಆಗ ನೋಡಿದ್ದೀರಾ?

ಎರಡನೇ ಕೋಣೆ ಮಲಗಲಿಕ್ಕೆ. ನಾಲ್ಕು ಮಂಚ, ಪರದೆ ಹಾಕಿ ಕತ್ತಲೆ ಮಾಡಿ, ಅಲ್ಲಿ ಮಾತಿಲ್ಲ, ಮೊಬೈಲ್ ಇಲ್ಲ. ಮೆದುಳಿನ ಪೆಟ್ಟಿನ ಆಯಾಸ ತೋಟದ ಕೆಲಸದ ಆಯಾಸದ ಹಾಗಲ್ಲ. ಸುಮ್ನೆ ಕೂತು ನಾಲ್ಕು ಜನರ ಮಾತು ಕೇಳಿದರೂ ಬರುತ್ತದೆ. ಮುಖ ಬಿಳಿಚುತ್ತದೆ, ಉತ್ತರ ನಿಧಾನವಾಗುತ್ತದೆ, ಇದ್ದಕ್ಕಿದ್ದಂತೆ ರೇಗುತ್ತಾರೆ. ರೇಗಿದ ಮೇಲೆ ಕರೆದುಕೊಂಡು ಹೋದರೆ ತಡವಾಯಿತು. ಮೊದಲೆರಡು ಗುರುತು ಕಂಡಾಗಲೇ ಏಳಿಸಿ. ಮಿಣುಕುವ ಟ್ಯೂಬ್‌ಲೈಟ್ ಇದ್ದರೆ ಆರಿಸಿ.

ಹಿಂದಿನ ಸಂಜೆ: ಸ್ವಯಂಸೇವಕರ ಪಾಠ

ಕಾಲೇಜು ಹುಡುಗ-ಹುಡುಗಿಯರು ಬರುತ್ತಾರೆ. ಒಳ್ಳೆಯ ಮಕ್ಕಳೇ. ಆದರೆ ಮೆದುಳಿಗೆ ಪೆಟ್ಟಾದವರನ್ನು ಕಂಡ ಕೂಡಲೇ ಗಟ್ಟಿಯಾಗಿ, ಮಗುವಿನ ಹತ್ತಿರ ಮಾತಾಡಿದ ಹಾಗೆ ಮಾತಾಡಲು ಶುರು ಮಾಡುತ್ತಾರೆ. ಒಂದು ಗಂಟೆ ಕೂರಿಸಿ ಹೇಳಿಕೊಡಿ.

ಎದುರಿಗೆ ಬಂದು ನಿಲ್ಲಿ, ಹಿಂದಿನಿಂದ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಮಾತು. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ, ಅಷ್ಟರಲ್ಲಿ ಉತ್ತರ ಬರುತ್ತದೆ. ಅವರು ತಡಕಾಡುತ್ತಿರುವ ಮಾತನ್ನು ನೀವು ಮುಗಿಸಬೇಡಿ. ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಆ ಭುಜದ ಸುತ್ತ ಬಲ ಇರುವುದಿಲ್ಲ, ಕೀಲು ಜಾರುತ್ತದೆ.

ಇನ್ನೊಂದು ಇದೆ, ಇದನ್ನು ಹುಡುಗರಿಗಿಂತ ಹಿರಿಯರೇ ಜಾಸ್ತಿ ಮಾಡುತ್ತಾರೆ. ಹತ್ತಿರ ಬಂದು ಬಗ್ಗಿ, "ನನ್ನ ಗುರುತು ಸಿಕ್ತಾ? ಯಾರು ಹೇಳು ನೋಡುವ?" ಅನ್ನುವುದು. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಮರೆವು ಇರುವವರಿಗೆ ಅದು ಎಲ್ಲರೆದುರು ಪರೀಕ್ಷೆ. ಅಣ್ಣನನ್ನು ಒಂದೇ ದಿನ ಒಂಬತ್ತು ಜನ ಹಾಗೆ ಕೇಳಿದ್ದರು. ಹೆಸರು ಹೇಳಿಕೊಂಡೇ ಮಾತು ಶುರು ಮಾಡಿ: "ನಾನು ಮೇಲಿನ ಮನೆಯ ಸುಬ್ಬಯ್ಯ, ನಿನ್ನ ಜೊತೆ ಹಾಕಿ ಆಡ್ತಿದ್ದೆ." ಎಲ್ಲರ ಎದೆಯ ಮೇಲೂ ದೊಡ್ಡ ಅಕ್ಷರದ ಹೆಸರಿನ ಚೀಟಿ ಇರಲಿ, ಅತಿಥಿಗಳಿಗೂ.

ಫಿಟ್ಸ್ ಬಂದರೆ ಏನು ಮಾಡಬೇಕು ಅನ್ನುವುದನ್ನು ಎಲ್ಲರೂ ಒಂದು ಸಲ ಮಾಡಿ ನೋಡಲಿ. ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆ ಕೆಳಗೆ ಮೆತ್ತಗಿನದು ಇಡಿ, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ ತುರುಕಬಾರದು. ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಐದು ನಿಮಿಷ ದಾಟಿದರೆ, ಅಥವಾ ಒಂದರ ಹಿಂದೆ ಒಂದು ಬಂದರೆ 108ಕ್ಕೆ ಫೋನ್ ಮಾಡಿ.

ಅಂದ ಹಾಗೆ, ಫಿಟ್ಸ್ ಮಾತ್ರೆಯ ಮಾತು. ಬೇಗ ಹೊರಡುವ ಗಡಿಬಿಡಿಯಲ್ಲಿ ಬೆಳಗಿನ ಮಾತ್ರೆ ತಪ್ಪುತ್ತದೆ. ತಿರುವು ರಸ್ತೆಯಲ್ಲಿ ವಾಂತಿಯಾಗಿ ನುಂಗಿದ ಮಾತ್ರೆಯೂ ಹೊರಗೆ ಬರಬಹುದು. ಹಾಗಾದರೆ ಏನು ಮಾಡಬೇಕು ಅಂತ ಅವರವರ ಡಾಕ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಲು ಹೇಳಿ. ಹಿಂದಿನ ರಾತ್ರಿ ಫೋನ್ ಮಾಡಿ ನೆನಪಿಸಿ.

ಆ ದಿನದ ಹೊತ್ತು

10:30 ಬಂದು ಕೂರುವುದು, ಬೆಲ್ಲದ ಕಾಫಿ
11:00 ಮೊದಲ ಚಟುವಟಿಕೆ, 20 ನಿಮಿಷ
11:20 ವಿಶ್ರಾಂತಿ
11:40 ಎರಡನೇ ಚಟುವಟಿಕೆ, 20 ನಿಮಿಷ
12:00 ಪೆಟ್ಟಾದವರಿಗೆ ವಿಶ್ರಾಂತಿ, ಮನೆಯವರ ಮಾತುಕತೆ
12:30 ಊಟ
1:15 ಹೊರಡುವುದು

ಇದರಲ್ಲಿ ವೇದಿಕೆ ಎಲ್ಲಿದೆ ಅಂತ ಕೇಳುತ್ತಾರೆ. ವೇದಿಕೆ ಇಲ್ಲ. ಊರಿನ ದೊಡ್ಡವರು ಬರಲೇಬೇಕು ಅಂದರೆ 10:30ಕ್ಕೆ ಬಂದು ದೀಪ ಹಚ್ಚಿ, ಎರಡು ಮಾತಾಡಿ, ಆಮೇಲೆ ಒಂದು ಮೇಜಿನ ಹತ್ತಿರ ಕೂತು ನೋಡಲಿ. ಒಬ್ಬರು ಬೇಸರ ಮಾಡಿಕೊಂಡರು, ಇನ್ನೊಬ್ಬರು ಊಟ ಬಡಿಸಿ ಹೋದರು. ಫೋಟೋ ಬೇಕಿದ್ದರೆ ಕೇಳಿಯೇ ತೆಗೆಯಿರಿ. ಮನೆಯವರು ಒಪ್ಪಿದರೆ ಸಾಲದು, ಪೆಟ್ಟಾದವರೂ ಒಪ್ಪಬೇಕು. ಯಾರನ್ನೂ ನಿಲ್ಲಿಸಿ "ನೋಡಿ ಹೇಗಿದ್ದವರು ಹೇಗಾದರು" ಅಂತ ತೋರಿಸಬೇಡಿ.

ಮೇಜುಗಳು

ಕಾರ್ಯಕ್ರಮದ ತಿರುಳು ಇದೇ. ನಾಲ್ಕು ಮೇಜು ಹಾಕಿ. ಒಬ್ಬೊಬ್ಬರು ಎರಡು ಮೇಜಿಗೆ ಮಾತ್ರ ಹೋಗಲಿ, ತಾವು ಹೇಳಿದ ಕೆಲಸಕ್ಕೆ ಹತ್ತಿರದ ಎರಡಕ್ಕೆ.

ಮೊದಲನೆಯದು ಕಾಫಿ ಮೇಜು. ಬೆಲ್ಲದ ಕಾಫಿ ಮಾಡುವುದು ನಮಗೆ ಒಂದೇ ಕೆಲಸ. ಬಿಡಿಸಿ ನೋಡಿದರೆ ಹನ್ನೊಂದು: ಪಾತ್ರೆ ತೆಗೆಯುವುದು, ನೀರು ಅಳೆಯುವುದು, ಒಲೆಯ ಮೇಲಿಡುವುದು, ಒಲೆ ಹಚ್ಚುವುದು, ಬೆಲ್ಲ ಹಾಕುವುದು, ಕರಗುವವರೆಗೆ ಕಾಯುವುದು, ಪುಡಿ ಹಾಕುವುದು, ಕುದಿ ಬಂದಾಗ ಗಮನಿಸುವುದು, ಒಲೆ ಆರಿಸುವುದು, ಸೋಸುವುದು, ಲೋಟಕ್ಕೆ ಬಗ್ಗಿಸುವುದು. ಥೆರಪಿಸ್ಟ್ ಪಕ್ಕದಲ್ಲಿ ನಿಂತು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಾರೆ. ಕೆಲವರಿಗೆ ಶುರು ಮಾಡುವುದೇ ಕಷ್ಟ, ಪಾತ್ರೆ ಕೈಗೆ ಕೊಟ್ಟರೆ ಮಿಕ್ಕಿದ್ದು ತಾನಾಗಿ ನಡೆಯುತ್ತದೆ. ಕೆಲವರು ಪುಡಿಯನ್ನು ಎರಡು ಸಲ ಹಾಕುತ್ತಾರೆ. ಅಣ್ಣ ಎಲ್ಲ ಸರಿ ಮಾಡಿ, ಒಲೆ ಆರಿಸದೆ ಲೋಟ ಹಿಡಿದು ಹೊರಟ.

ಎರಡು ವರ್ಷ ನಾವು ಅದನ್ನು ಅಜಾಗರೂಕತೆ ಅಂತ ಬೈದಿದ್ದೆವು. ಥೆರಪಿಸ್ಟ್ ಒಂದು ಹಾಳೆಯಲ್ಲಿ ಹನ್ನೊಂದು ಹೆಜ್ಜೆಗೂ ಚಿತ್ರ ಬರೆಸಿ ಒಲೆಯ ಎದುರು ಅಂಟಿಸಿದರು. ಒಂಬತ್ತನೇ ಹೆಜ್ಜೆಗೆ ಕೆಂಪು ಬಣ್ಣ. ಲೋಟಗಳನ್ನು ಒಲೆಯ ಗುಂಡಿಯ ಪಕ್ಕಕ್ಕೇ ಇಟ್ಟರು. ಲೋಟ ತೆಗೆಯಲು ಹೋದ ಕೈ ಗುಂಡಿ ದಾಟಿಯೇ ಹೋಗಬೇಕು. ಮರೆತವನನ್ನು ತಿದ್ದುವುದಕ್ಕಿಂತ ಜಾಗವನ್ನು ತಿದ್ದುವುದು ಸುಲಭ ಅಂತ ಆವತ್ತು ಕಂಡೆ. ಮೇಜಿನ ಮೇಲೆ ಗ್ಯಾಸ್ ಬೇಡ, ಇಂಡಕ್ಷನ್ ಒಲೆ ಇಡಿ.

ಎರಡನೆಯದು ಬಟ್ಟೆ ಮೇಜು. ಸೋತ ಕೈ ಮೊದಲು ಒಳಗೆ, ಕಳಚುವಾಗ ಕೊನೆಗೆ. ಇಷ್ಟು ಗೊತ್ತಾದರೆ ಅರ್ಧ ಜಗಳ ಮುಗಿಯಿತು. ಗುಂಡಿ ಹಾಕುವುದನ್ನು ಹಿಂದಿನಿಂದ ಮುಂದಕ್ಕೆ ಕಲಿಸುತ್ತಾರೆ. ಎಲ್ಲ ಗುಂಡಿ ನೀವು ಹಾಕಿ, ಕೊನೆಯದೊಂದು ಅವರಿಗೆ ಬಿಡಿ. ನಾಲ್ಕು ದಿನದ ಮೇಲೆ ಕೊನೆಯ ಎರಡು. ಪ್ರತಿ ಸಲವೂ ಕೆಲಸ ಮುಗಿಸಿದ್ದು ಅವರೇ ಆಗುತ್ತಾರೆ. ಮೊದಲನೆಯ ಗುಂಡಿಯಿಂದ ಶುರು ಮಾಡಿಸಿದರೆ ಎರಡನೆಯದಕ್ಕೇ ಸಿಟ್ಟು ಬರುತ್ತದೆ.

ಮೂರನೆಯದು ಅಡುಗೆಮನೆಯ ಕೈಕೆಲಸ. ಒಂದು ಹಲಗೆಗೆ ಎರಡು ಸ್ಟೀಲ್ ಮೊಳೆ ಹೊಡೆದು ತುದಿ ಮೇಲೆ ಬರುವಂತೆ ಮಾಡಿದರೆ ಈರುಳ್ಳಿ ಅದಕ್ಕೆ ಚುಚ್ಚಿ ನಿಲ್ಲುತ್ತದೆ, ಒಂದೇ ಕೈಯಲ್ಲಿ ಹೆಚ್ಚಬಹುದು. ಚಮಚದ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದರೆ ಮುಷ್ಟಿ ಬಲವಿಲ್ಲದವರಿಗೂ ಹಿಡಿತ ಸಿಗುತ್ತದೆ. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಕಾಫಿ ಬೀಜದಿಂದ ಕಪ್ಪು ಬೀಜ ಆರಿಸುವುದು ಬೆರಳಿಗೆ, ಕಣ್ಣಿಗೆ ಒಳ್ಳೆಯ ಕೆಲಸ, ಬೊಂಬೆ ಜೋಡಿಸುವುದಕ್ಕಿಂತ ಎಷ್ಟೋ ವಾಸಿ. ಐವತ್ತು ವರ್ಷ ತೋಟ ಮಾಡಿದವರ ಮುಂದೆ ಪ್ಲಾಸ್ಟಿಕ್ ಉಂಗುರ ಇಟ್ಟರೆ ಅವರಿಗೆ ಹೇಗಾಗಬೇಡ?

ಇಲ್ಲೇ ಎಡಪಕ್ಕದ ವಿಷಯ ತಿಳಿಯುತ್ತದೆ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆ ಅನ್ನುವುದೇ ಇಲ್ಲವಾಗುತ್ತದೆ. ಕಣ್ಣು ಸರಿ ಇರುತ್ತದೆ, ಗಮನ ಹೋಗುವುದಿಲ್ಲ. ತಟ್ಟೆಯ ಬಲ ಅರ್ಧ ತಿಂದು "ಪಲ್ಯ ಹಾಕಲೇ ಇಲ್ಲ" ಅನ್ನುತ್ತಾರೆ. ಮೇಜಿನ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, "ಕೆಂಪು ಕಾಣುವವರೆಗೆ ತಿರುಗಿ" ಅಂತ ರೂಢಿ ಮಾಡಿಸುತ್ತಾರೆ. ಇವರ ಹತ್ತಿರ ಈಳಿಗೆ ಮಣೆ, ಕತ್ತಿ ಕೊಡುವ ಮೊದಲು ಥೆರಪಿಸ್ಟನ್ನು ಕೇಳಿ.

ನಾಲ್ಕನೆಯದು ನೆನಪಿನ ಮೇಜು. ಒಂದು ಗಟ್ಟಿ ರಟ್ಟಿನ ಪುಸ್ತಕ, ಒಂದು ಪೆನ್ನು, ಎರಡನ್ನೂ ದಾರದಲ್ಲಿ ಕಟ್ಟಿ. ಇವತ್ತು ಯಾವ ವಾರ, ಯಾರು ಬಂದಿದ್ದರು, ಏನು ತಿಂದೆ, ನಾಳೆ ಏನಿದೆ. ಅಷ್ಟೇ. ಪುಸ್ತಕ ಮನೆಯಲ್ಲಿ ಒಂದೇ ಜಾಗದಲ್ಲಿರಬೇಕು. ಹೊಸ ವಿಷಯ ಕಲಿಸುವಾಗ ಊಹೆ ಮಾಡಿಸಬೇಡಿ. ಜೋರು ಮರೆವು ಇರುವವರಲ್ಲಿ ತಪ್ಪು ಉತ್ತರವೇ ಅಚ್ಚೊತ್ತಿಬಿಡುತ್ತದೆ. ಸರಿಯಾದ್ದನ್ನು ನೀವೇ ಹೇಳಿ, ಕೂಡಲೇ ಕೇಳಿ, ಒಂದು ನಿಮಿಷ ಬಿಟ್ಟು ಕೇಳಿ, ಆಮೇಲೆ ಎರಡು, ನಾಲ್ಕು, ಎಂಟು. ತಪ್ಪಿದರೆ ಉತ್ತರ ಹೇಳಿ ಹಿಂದಿನ ಅಂತರಕ್ಕೆ ಬನ್ನಿ. ನಮ್ಮ ಅತ್ತಿಗೆ ದೋಸೆ ಹುಯ್ಯುತ್ತಲೇ ಇದನ್ನು ಮಾಡುತ್ತಿದ್ದರು. ಅಣ್ಣ ಮಗಳ ಫೋನ್ ನಂಬರ್ ಮತ್ತೆ ಕಲಿತದ್ದು ಹಾಗೆ.

ಊಟ

ಕಾರ್ಯಕ್ರಮ ಅಂದರೆ ಅಕ್ಕಿಯ ಕಡಂಬುಟ್ಟು, ಹಂದಿಮಾಂಸದ ಪಂದಿ ಕರಿ ಇರಲೇಬೇಕು ಅನ್ನುವ ಊರು ನಮ್ಮದು. ಇರಲಿ. ಆದರೆ ಕಡಂಬುಟ್ಟು ಅಂಟು, ಉಂಡೆ. ನುಂಗುವ ತೊಂದರೆ ಇರುವವರ ಗಂಟಲಿನಲ್ಲಿ ಅದು ಸಿಕ್ಕಿಕೊಂಡರೆ ಉಸಿರು ನಿಲ್ಲುತ್ತದೆ. ಅವರಿಗೆ ಮೆತ್ತಗೆ ಬೆಂದ ಅನ್ನ ಬೇಳೆಯ ಜೊತೆ ಕಲಸಿದ್ದು, ಅವರ ಥೆರಪಿಸ್ಟ್ ಹೇಳಿದ ಹದದಲ್ಲಿ. ನೀರು ಸುಲಭ ಅಂದುಕೊಳ್ಳುತ್ತೇವೆ. ಇಂಥವರಿಗೆ ತೆಳ್ಳಗಿನ ನೀರೇ ಕಷ್ಟ, ಶ್ವಾಸನಾಳಕ್ಕೆ ಹೋಗುತ್ತದೆ. ಕುಡಿದ ಮೇಲೆ ಕೆಮ್ಮಿದರೆ, ಸ್ವರ ಒದ್ದೆಯಾದ ಹಾಗೆ ಕೇಳಿಸಿದರೆ ಅಲ್ಲಿಗೆ ನಿಲ್ಲಿಸಿ. ನೆಟ್ಟಗೆ ಕೂರಿಸಿ ಉಣಿಸಿ, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಅವರನ್ನು ಹೊರಡಿಸುವ ಹೊತ್ತಿಗೂ ಇದೇ ಲೆಕ್ಕ.

ಯಾರಾದರೂ ಕಾರಿನ ಹಿಂದೆ ಒಂದು ಬಾಟಲಿ ತಂದಿರುತ್ತಾರೆ. ಸುಮ್ನೆ ಇರಬೇಡಿ, ಹೇಳಿಬಿಡಿ. ಪೆಟ್ಟಾದ ಮೆದುಳಿಗೆ ಒಂದು ಪೆಗ್ ಮೊದಲಿಗಿಂತ ಜಾಸ್ತಿ ಏರಬಹುದು, ಫಿಟ್ಸ್ ತರಬಹುದು, ಮಾತ್ರೆಗಳ ಜೊತೆ ಕೂಡುವುದಿಲ್ಲ.

ಮನೆಯವರ ಅರ್ಧ ಗಂಟೆ

ಈ ಅರ್ಧ ಗಂಟೆಯಲ್ಲಿ ಯಾರೂ ಉಪದೇಶ ಮಾಡಬಾರದು. ಕುರ್ಚಿ ಸುತ್ತಲೂ ಹಾಕಿ, ಬಾಗಿಲು ಮುಚ್ಚಿ. ಮೊದಲ ಐದು ನಿಮಿಷ ಯಾರೂ ಮಾತಾಡುವುದಿಲ್ಲ, ಆಮೇಲೆ ನಿಲ್ಲುವುದಿಲ್ಲ. "ಕೈಕಾಲು ಸರಿ ಇದೆಯಲ್ಲ, ನಿನಗೇನು ಕಷ್ಟ ಅಂತಾರೆ" ಅಂದರು ಒಬ್ಬ ಅಕ್ಕ. ಅವರ ಗಂಡನಿಗೆ ಹಣೆಯ ಹಿಂದಿನ ಭಾಗಕ್ಕೆ ಪೆಟ್ಟು. ಕೋಪಕ್ಕೆ ಕಡಿವಾಣ ಹಾಕುವ ಜಾಗ ಅದು. ಹೊರಗಿನವರಿಗೆ ಅವರು ಆರಾಮ ಕಾಣುತ್ತಾರೆ, ಮನೆಯಲ್ಲಿ ತಟ್ಟೆ ಹಾರುತ್ತದೆ.

ಒಂದು ವಿಷಯ ಮಾತ್ರ ನೀವೇ ಎತ್ತಿ. ಮನೆಯಲ್ಲಿ ಕೋವಿ ಇದೆಯಾ? ಕೊಡಗಿನಲ್ಲಿ ಈ ಪ್ರಶ್ನೆ ಕೇಳಲೇಬೇಕು. ಪೆಟ್ಟಾದ ಮೇಲೆ ಮುಂಗೋಪ, ಬೇಸರ, ಬದುಕು ಸಾಕು ಅನ್ನುವ ಮಾತು ಹೊಸದಲ್ಲ. ಕೋವಿ ಮತ್ತು ತೋಟೆಯನ್ನು ಬೇರೆ ಬೇರೆ ಬೀಗದಲ್ಲಿಡಿ, ಸಾಧ್ಯವಾದರೆ ಪೊಲೀಸರನ್ನು ಕೇಳಿ ಸದ್ಯಕ್ಕೆ ಮನೆಯಿಂದಲೇ ಹೊರಗಿಡಿ. ಹಬ್ಬಕ್ಕೆ ಕೋವಿ ಪೂಜೆ ಮಾಡುವಾಗ ಅವರು ಹೂ ಇಡಲಿ, ಗುಂಡು ಹಾರಿಸುವುದು ಬೇರೆಯವರು ಮಾಡಲಿ. ಬೈಕ್ ಕೀಲಿಯೂ ಹಾಗೇ, ಡಾಕ್ಟರ್ ಹೇಳುವವರೆಗೆ ಕೊಡಬೇಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಅದು ನೋಡಿಕೊಳ್ಳುವವರಿಗೂ ಇರುವ ನಂಬರ್. ಚೀಟಿಯಲ್ಲಿ ಬರೆದು ಕೊಡಿ.

ಹೊರಗೆ ಕಾಗದದ ಕೆಲಸಕ್ಕೆ ಒಂದು ಮೇಜು ಇರಲಿ, ಎಂಆರ್‌ಡಬ್ಲ್ಯೂ ಕೂರಲಿ. ಅಂಗವಿಕಲರ ಯುಡಿಐಡಿ ಕಾರ್ಡ್‌ಗೆ ಆಧಾರ್, ಫೋಟೋ, ಆಸ್ಪತ್ರೆಯ ಡಿಸ್ಚಾರ್ಜ್ ಹಾಳೆ ತರಲು ಮೊದಲೇ ಹೇಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಹಲವು ಸವಲತ್ತಿಗೆ ಶೇಕಡಾ 40 ಅಂಗವೈಕಲ್ಯ ದಾಖಲಾಗಬೇಕು. ತಪಾಸಣೆಗೆ ಹೋದಾಗ ಕೈಕಾಲಿನದಷ್ಟೇ ಹೇಳಿ ಬರುತ್ತಾರೆ. ಮಾತು, ನೆನಪು, ನಡವಳಿಕೆಯ ತೊಂದರೆಯನ್ನೂ ಹೇಳಿ ಅಂತ ತಿಳಿಸಿ.

ಆಮೇಲೆ

ಹೊರಡುವಾಗ ಪ್ರತಿ ಮನೆಗೂ ಒಂದು ಹಾಳೆ, ಅದರಲ್ಲಿ ಒಂದೇ ಕೆಲಸ. ಹತ್ತು ಬರೆದರೆ ಒಂದೂ ಆಗುವುದಿಲ್ಲ. "ಕೊನೆಯ ಎರಡು ಗುಂಡಿ, ದಿನಾ ಬೆಳಿಗ್ಗೆ" ಅಂತ ಇದ್ದರೆ ಸಾಕು. ಮರುದಿನ ಎಲ್ಲರಿಗೂ ಫೋನ್ ಮಾಡಿ, ರಾತ್ರಿ ನಿದ್ದೆ ಬಂತಾ, ತಲೆನೋವು ಬಂತಾ ಅಂತ ಕೇಳಿ. ಹದಿನೈದು ದಿನಕ್ಕೆ ಮತ್ತೊಂದು ಫೋನ್, ಆ ಒಂದು ಕೆಲಸದ ಬಗ್ಗೆ. ಮೂರನೇ ಸಲದ ಕಾರ್ಯಕ್ರಮಕ್ಕೆ ಬಂದ ಹನ್ನೆರಡು ಮನೆಯಲ್ಲಿ ಏಳು ಮನೆಯವರು ಹದಿನೈದನೇ ದಿನವೂ ಮಾಡುತ್ತಿದ್ದರು. ಇಬ್ಬರು ಫೋನ್ ಎತ್ತಲಿಲ್ಲ, ಅವರ ಮನೆಗೆ ಹೋಗಬೇಕಾಯಿತು.

ಇನ್ನು ಮಾರ್ಚ್ 20. ಆ ಹೊತ್ತಿಗೆ ಮೆಣಸು ಕೊಯ್ಲು ನಡೆಯುತ್ತಿರುತ್ತದೆ, ಏಣಿಗಳು ಮರಕ್ಕೆ ಒರಗಿರುತ್ತವೆ. ಹಾಲ್ ಬೇಡ, ಮೈಕ್ ಬೇಡ. ಬೆಳಿಗ್ಗೆ ಹಾಜರಿ ಕೂಗುವಾಗ ಒಂದೊಂದು ತೋಟಕ್ಕೆ ಹೋಗಿ ಹತ್ತು ನಿಮಿಷ ಮಾತಾಡಿ. ಏಣಿಯ ಬುಡ ಒಬ್ಬರು ಹಿಡಿದಿರಬೇಕು, ತುದಿಯನ್ನು ಮರಕ್ಕೆ ಕಟ್ಟಬೇಕು, ಗಲ್ಲದ ಪಟ್ಟಿ ಇರುವ ಹೆಲ್ಮೆಟ್ ಹಾಕಬೇಕು, ಕರೆಂಟ್ ತಂತಿಯ ಹತ್ತಿರ ಅಲ್ಯೂಮಿನಿಯಂ ಏಣಿ ಒಯ್ಯಬಾರದು. ಬಿದ್ದವರು ಎದ್ದು ಕೂತು "ಏನಾಗಿಲ್ಲ" ಅಂದರೂ ವಾಂತಿ, ಮಂಪರು, ಒಂದೇ ಮಾತನ್ನು ಮತ್ತೆ ಮತ್ತೆ ಕೇಳುವುದು ಕಂಡರೆ ಕೂಡಲೇ ಆಸ್ಪತ್ರೆಗೆ. ಕಳೆದ ಮಾರ್ಚ್‌ನಲ್ಲಿ ಅಣ್ಣನೂ ಜೊತೆಗೆ ಬಂದಿದ್ದ. ಮಾತಾಡಲಿಲ್ಲ. ಟೋಪಿ ತೆಗೆದು ತಲೆಯ ಹೊಲಿಗೆ ತೋರಿಸಿ, ಹೆಲ್ಮೆಟ್‌ಗಳನ್ನು ಒಂದೊಂದಾಗಿ ಕೈಗೆ ಕೊಟ್ಟ.